800 ರೂಪಾಯಿ ಪಿಂಚಣಿಗೆ 18 ತಿಂಗಳು: ನಮ್ಮೂರಿನ ಬೀಡಿ ಅಕ್ಕನ ಕೇಸು

ನಾನು ಡಾಕ್ಟ್ರೂ ಅಲ್ಲ, ವಕೀಲನೂ ಅಲ್ಲ. ಉಡುಪಿಯಿಂದ ಸ್ವಲ್ಪ ಒಳಗೆ, ಪಂಚಾಯ್ತಿ ಹತ್ರ ಒಂದು ಅಂಗಡಿ ಉಂಟು ನಂದು, ಬೋರ್ಡಲ್ಲಿ ಝೆರಾಕ್ಸ್ ಅಂತ ಉಂಟು, ಒಳಗೆ ಆಗುದೆಲ್ಲ ಆನ್‌ಲೈನ್ ಅರ್ಜಿ. ಆಧಾರ್ ಲಿಂಕ್, ರೇಶನ್ ಕಾರ್ಡು, ಆದಾಯ ಸರ್ಟಿಫಿಕೇಟು, ಮಕ್ಕಳ ಸ್ಕಾಲರ್‌ಶಿಪ್ಪು, ಹೀಗೆ. ಅಂಗವಿಕಲ ಪಿಂಚಣಿಯ ಅರ್ಜಿ ಎಷ್ಟೋ ಹಾಕಿದ್ದೇನೆ, ಆದ್ರೆ ಹಾಕಿದ ಮೇಲೆ ಅದು ಎಲ್ಲೆಲ್ಲಿ ಹೋಗ್ತದೆ, ಯಾಕೆ ಅಷ್ಟು ದಿನ ಹಿಡಿತದೆ ಅಂತ ನಾನು ಸರಿಯಾಗಿ ನೋಡಿದ್ದು ಇದೊಂದೇ ಕೇಸಲ್ಲಿ. ಅದಕ್ಕೇ ಬರಿತಾ ಇದ್ದೇನೆ. ಹೆಸರು ಬೇಡ ಅಂತ ಹೇಳಿದ್ದಾರೆ, ಅಕ್ಕ ಅಂತಲೇ ಬರಿತೇನೆ, ಅವರ ಗಂಡ ನನಗೆ ಭಾವ. ಬರಿಲಿಕ್ಕೆ ಮಾತ್ರ ಅಕ್ಕನೇ ಹೇಳಿದ್ದು, "ಇನ್ನೊಬ್ರಿಗೆ ನಮ್ಮ ಹಾಗೆ ಅಲೆಯುದು ಸ್ವಲ್ಪ ಕಮ್ಮಿ ಆಗ್ಲಿ ತಮ್ಮ" ಅಂತ.

ಅಕ್ಕನಿಗೆ ಆಗ 47. ಮದುವೆಗೆ ಮೊದಲಿಂದ ಬೀಡಿ ಕಟ್ಟಿದವರು, ಹತ್ತಿರ ಹತ್ತಿರ ಮೂವತ್ತು ವರ್ಷ. ಭಾವ ಮಲ್ಪೆಯಲ್ಲಿ ಬೋಟಿಗೆ ಹೋಗುವವರು, ಆಳಸಮುದ್ರದ ಬೋಟು, ಹೋದ್ರೆ ಹತ್ತು ದಿನ ಮನೆ ಕಡೆ ಇಲ್ಲ. ಒಬ್ಳು ಮಗಳು, ಪಿಯುಸಿ ಓದ್ತಿದ್ದಳು. 2023ರ ಜುಲೈ, ಆಟಿ ತಿಂಗಳ ಮಳೆ, ಬೆಳಿಗ್ಗೆ ಎದ್ದು ಬೀಡಿ ಕಟ್ಟುವ ತಡ್ಪೆ, ಅಂದ್ರೆ ಮೊರ, ಮಡಿಲಿಗೆ ಇಟ್ಟುಕೊಂಡ್ರೆ ಬಲಗೈಯಿಂದ ಕತ್ತರಿ ಜಾರಿತು, ಎತ್ತಿಕೊಂಡ್ರು, ಮತ್ತೆ ಜಾರಿತು. ಮೂರನೇ ಸಲ ಎತ್ತಿಕೊಳ್ಳಲಿಕ್ಕೆ ಬಗ್ಗಿದವರು ಅಲ್ಲೇ ವಾಲಿದ್ರು. ಸ್ಟ್ರೋಕ್. ಹನ್ನೊಂದು ದಿನ ಆಸ್ಪತ್ರೆ, ಆಯುಷ್ಮಾನ್ ಕಾರ್ಡು ಇದ್ದ ಕಾರಣ ದೊಡ್ಡ ಬಿಲ್ಲು ಬರಲಿಲ್ಲ. ಜೀವ ಉಳಿತು, ಮಾತು ಸ್ವಲ್ಪ ತೊದಲು, ಬಲಗಾಲು ಎಳೆದು ನಡೆಯುದು, ಬಲಗೈ ಮಾತ್ರ ಮಡಚಿಕೊಂಡು ಎದೆ ಹತ್ರ ನಿಂತುಬಿಟ್ಟಿತು. ಜೂನ್ 1ರಿಂದ ಜುಲೈ 31ರವರೆಗೆ ಬೋಟು ಹೇಗೂ ಕಡಲಿಗೆ ಇಳಿಯುದಿಲ್ಲ, ಹಾಗಾಗಿ ಭಾವನ ಕಡೆಯಿಂದಲೂ ಆ ಹೊತ್ತಿಗೆ ಒಂದು ರೂಪಾಯಿ ಇಲ್ಲ. ಮನೆ ನಡೀತಿದ್ದದ್ದೇ ಬೀಡಿಯಲ್ಲಿ.

ಆಗಸ್ಟ್ ಮೂರನೇ ವಾರ ಮಗಳು ಅಂಗಡಿಗೆ ಬಂದು "ಮಾಮ, ಅಮ್ಮನಿಗೆ ಪಿಂಚಣಿ ಅರ್ಜಿ ಹಾಕ್ಬೇಕಂತೆ" ಅಂದಳು. ಪಿಂಚಣಿಗೆ ಮೊದಲು ಅಂಗವೈಕಲ್ಯದ ಸರ್ಟಿಫಿಕೇಟು ಬೇಕು, ಅದು 2021ರ ಜೂನ್ 1ರಿಂದ ಆನ್‌ಲೈನಲ್ಲೇ ಆಗುದು, ಸ್ವಾವಲಂಬನ್ ಪೋರ್ಟಲ್, ಯುಡಿಐಡಿ ಅಂತ ಎಲ್ಲರೂ ಹೇಳ್ತಾರಲ್ಲ ಅದು, ಅಂಗವಿಕಲರ ಗುರುತಿನ ಕಾರ್ಡೂ ಅದರಲ್ಲೇ. ನಾನು ಅಲ್ಲೇ ಕೂತು ಹಾಕಿಬಿಟ್ಟೆ. ಫಾರ್ಮಿನಲ್ಲಿ ಅಂಗವೈಕಲ್ಯದ ಬಗೆ ಆರಿಸ್ಲಿಕ್ಕೆ ದೊಡ್ಡ ಪಟ್ಟಿ ಬರ್ತದೆ, 1995ರ ಕಾಯ್ದೆಯಲ್ಲಿ 7 ಬಗೆ ಮಾತ್ರ ಇದ್ದದ್ದು 2016ರ ಕಾಯ್ದೆಯಲ್ಲಿ 21 ಆಗಿದೆ, ಸ್ಟ್ರೋಕಿಗೆ ಯಾವುದು ಒತ್ತಬೇಕು ಅಂತ ನನಗೂ ಒಮ್ಮೆ ತಲೆಬಿಸಿ ಆಯ್ತು, ಕಡೆಗೆ ಕೈಕಾಲಿನ ಚಲನೆಯದ್ದು ಒತ್ತಿದೆ, ಅದು ಸರಿಯೇ ಇತ್ತು. ತಪ್ಪಿದ್ದು ಬೇರೆ ಕಡೆ.

ಸೆಪ್ಟೆಂಬರಲ್ಲಿ, ಚೌತಿ ಕಳೆದ ಮೇಲೆ, ಮೆಡಿಕಲ್ ಬೋರ್ಡಿನ ದಿನ, ಅಂದ್ರೆ ಡಾಕ್ಟ್ರು ನೋಡಿ ಅಂಗವೈಕಲ್ಯ ಅಳೆಯುವ ದಿನ ಅಂತ ಅಕ್ಕನನ್ನು ಆಟೋದಲ್ಲಿ ಕೂರಿಸಿ ಸರಕಾರಿ ಆಸ್ಪತ್ರೆಗೆ ಕರ್ಕೊಂಡು ಹೋದ್ರು. ಬೆಳಿಗ್ಗೆ ಎಂಟಕ್ಕೆ ಹೋದವರು ಮಧ್ಯಾಹ್ನ ಒಂದಕ್ಕೆ ಒಳಗೆ ಹೋದ್ರು, ಎರಡು ನಿಮಿಷದಲ್ಲಿ ಹೊರಗೆ. ಡಾಕ್ಟ್ರು ಹೇಳಿದ್ದು ಇಷ್ಟೇ, ಸ್ಟ್ರೋಕ್ ಆಗಿ ಆರು ತಿಂಗಳು ಆಗದೆ ಅಳೆಯಲಿಕ್ಕೆ ಆಗುದಿಲ್ಲ, ಜನವರಿಯಲ್ಲಿ ಬನ್ನಿ. ಅದು ಅವರು ಸುಮ್ಮನೆ ಹೇಳಿದ್ದಲ್ಲ, 2018ರಲ್ಲಿ ಕೇಂದ್ರ ಸರಕಾರ ಹೊರಡಿಸಿದ ಮಾರ್ಗಸೂಚಿಯಲ್ಲೇ ಹಾಗೆ ಉಂಟು. ಕಾರಣವೂ ಸರಿಯಾದ್ದೇ. ಮೊದಲ ಕೆಲವು ತಿಂಗಳಲ್ಲಿ ಕೈಕಾಲಿನ ಬಲ ಎಷ್ಟೋ ವಾಪಸ್ ಬರ್ತದೆ, ಈಗಲೇ ಅಳೆದ್ರೆ ಆ ಲೆಕ್ಕ ನಿಲ್ಲುದಿಲ್ಲ. ಆದ್ರೆ ಇದನ್ನು ಆಸ್ಪತ್ರೆಯಿಂದ ಡಿಸ್ಚಾರ್ಜ್ ಮಾಡುವಾಗ ಯಾರೂ ಹೇಳಲಿಲ್ಲ, ಪೋರ್ಟಲ್ ಹೇಳಲಿಲ್ಲ, ನಾನಂತೂ ಕೇಳಲೇ ಇಲ್ಲ. ನಮ್ಮ ಪಂಚಾಯ್ತಿಯ ವಿಆರ್‌ಡಬ್ಲ್ಯೂ, ಅಂದ್ರೆ ಗ್ರಾಮೀಣ ಪುನರ್ವಸತಿ ಕಾರ್ಯಕರ್ತ, ಅವರು ಸೈಡ್ ವೀಲ್ ಸ್ಕೂಟಿಯಲ್ಲಿ ದಿನಾ ನನ್ನ ಅಂಗಡಿ ಎದುರೇ ಹೋಗುವವರು. ಅವರನ್ನು ಕೇಳಿದ್ರೆ ಒಂದು ನಿಮಿಷದ ಉತ್ತರ. ನಂತರ ಅವರೇ ನಕ್ಕು ಹೇಳಿದ್ರು, "ನೀವು ಕಂಪ್ಯೂಟರ್ ಇದ್ದವರು ಮಾರಾಯ್ರೆ, ನಮ್ಮ ಹತ್ರ ಎಂತಕ್ಕೆ ಕೇಳ್ತೀರಿ" ಅಂತ. ನಾಚಿಕೆ ಆಯ್ತು. ಆ ದಿನದ ಆಟೋ ಬಾಡಿಗೆ 400 ರೂಪಾಯಿ, ನನ್ನ ಲೆಕ್ಕಕ್ಕೆ.

ಈಗ ಸೆಪ್ಟೆಂಬರಿಂದ ಜನವರಿವರೆಗೆ ಎಂತ ಮಾಡುದು? ಇಲ್ಲಿಂದ ನಿಜವಾದ ಕಷ್ಟ ಶುರು. ಅಕ್ಕನಿಗೆ ತಾನು ಮನೆಯಲ್ಲಿ ದಂಡ ಅಂತ ತಲೆಗೆ ಹೊಕ್ಕಿಬಿಟ್ಟಿತು. ಊಟ ಬಿಟ್ರು, ಬಂದವರ ಹತ್ರ ಮಾತಾಡ್ಲಿಕ್ಕಿಲ್ಲ, ಗೋಡೆ ಕಡೆ ತಿರುಗಿ ಮಲಗುದು. ಮಗಳು ಕಾಲೇಜಲ್ಲಿ ಯಾರೋ ಕೊಟ್ಟ 14416, ಟೆಲಿ ಮಾನಸ್ ನಂಬರಿಗೆ ಒಂದು ರಾತ್ರಿ ಫೋನ್ ಮಾಡಿದಳು, ಕನ್ನಡದಲ್ಲೇ ಮಾತಾಡಿದ್ರಂತೆ, ಸ್ಟ್ರೋಕ್ ಆದವರಿಗೆ ಹೀಗೆ ಆಗುದು ಸಾಮಾನ್ಯ, ಇದಕ್ಕೂ ಮದ್ದು ಉಂಟು, ಡಾಕ್ಟ್ರಿಗೆ ತೋರಿಸಿ ಅಂತ. ತೋರಿಸಿದ್ರು, ಮಾತ್ರೆ ಶುರು ಆಯ್ತು, ಎರಡು ತಿಂಗಳಲ್ಲಿ ಸ್ವಲ್ಪ ಬದಲಾದ್ರು. ಊರಲ್ಲಿ ಇದನ್ನು "ಪಾಪ ಬೇಜಾರು" ಅಂತ ಬಿಟ್ಟುಬಿಡ್ತಾರೆ. ಪಿಂಚಣಿ ಬಂದ್ರೆ ಸರಿ ಆಗ್ತದೆ ಅಂತ ಭಾವನೂ ಹೇಳ್ತಿದ್ರು, ನನಗೂ ಹಾಗೇ ಅನಿಸಿತ್ತು, ಆದ್ರೆ ಕಾದಿದ್ರೆ ಜನವರಿ ನೋಡ್ಲಿಕ್ಕೆ ಅಕ್ಕ ಇರ್ತಿದ್ರಾ ಅಂತ ಈಗ ಯೋಚನೆ ಬರ್ತದೆ.

ದುಡ್ಡಿನ ಕಡೆ ನಾನು ಕೂತು ಒಂದು ಲೆಕ್ಕ ಮಾಡಿದೆ: ಸರ್ಟಿಫಿಕೇಟು ಇಲ್ಲದೇ ಈಗಲೇ ಸಿಗುವಂಥದ್ದು ಎಂತ ಉಂಟು? ಗೃಹಲಕ್ಷ್ಮಿ ಆಗಷ್ಟೇ ಶುರು ಆಗಿತ್ತು, ಆಗಸ್ಟ್ 30ಕ್ಕೆ ಮೊದಲ ಕಂತು, ಅಕ್ಕ ರೇಶನ್ ಕಾರ್ಡಲ್ಲಿ ಮನೆ ಯಜಮಾನಿ, ತಿಂಗಳಿಗೆ 2000. ಅಕ್ಕಿ ಬದಲು ತಲೆಗೆ 170 ರೂಪಾಯಿ ಹಾಕ್ತಿದ್ರಲ್ಲ, ಅದು ಮೂರು ಜನಕ್ಕೆ 510. ಸ್ವಸಹಾಯ ಸಂಘದ ಸಾಲದ ವಾರದ ಕಂತು ಕುತ್ತಿಗೆಗೆ ಬಂದಿತ್ತು, ಅದಕ್ಕೆ ಅಕ್ಕನ ಸಂಘದವರೇ ಕೂತು ಮಾತಾಡಿ ಆರು ತಿಂಗಳು ಬಡ್ಡಿ ಮಾತ್ರ ಕಟ್ಟಿದ್ರೆ ಸಾಕು ಅಂತ ಮಾಡಿದ್ರು, ಅದೂ ನಾವು ಹೋಗಿ ಕೇಳಿದ ಮೇಲೆ, ಕೇಳದಿದ್ರೆ ವಾರ ವಾರ ಬಾಗಿಲಿಗೆ ಬರ್ತಿದ್ರು. ಶಕ್ತಿ ಯೋಜನೆಯ ಫ್ರೀ ಬಸ್ಸು ಮಾತ್ರ ನಮ್ಮ ಕಡೆ ಇದ್ದೂ ಇಲ್ಲದ ಹಾಗೆ, ಉಡುಪಿ ಮಂಗಳೂರು ಅಂದ್ರೆ ಪ್ರೈವೇಟ್ ಬಸ್ಸಿನ ರಾಜ್ಯ, ನಮ್ಮೂರಿಗೆ ಸರಕಾರಿ ಬಸ್ಸೇ ಇಲ್ಲ. ಮುಂದೆ ಕಾರ್ಡು ಬಂದ ಮೇಲೆ 660 ರೂಪಾಯಿಗೆ ವರ್ಷದ ರಿಯಾಯಿತಿ ಪಾಸು ಸಿಗ್ತದೆ ಅಂತ ಹೇಳಿದ್ರು, ಅದೂ ಕೆಎಸ್ಸಾರ್ಟಿಸಿಯದ್ದೇ. ಅಕ್ಕ ಮಾಡಿಸಲಿಲ್ಲ.

ಗೃಹಲಕ್ಷ್ಮಿ ದುಡ್ಡು ತೆಗೆಯುದು ನನ್ನ ಅಂಗಡಿಯಲ್ಲೇ, ಬೆರಳು ಇಟ್ಟು ತೆಗೆಯುವ ಮೆಶಿನ್ ಉಂಟು. ಮೊದಲ ಸಲ ಅಕ್ಕ ಬಂದದ್ದು ನನಗೆ ಇವತ್ತಿಗೂ ಕಣ್ಣ ಮುಂದೆ ಉಂಟು. ಎಡಗೈಯಲ್ಲಿ ಬಲಗೈಯನ್ನು ಎತ್ತಿ ಮೇಜಿನ ಮೇಲೆ ಇಟ್ರು, ಪೇಟೆಯಿಂದ ತಂದ ಸಾಮಾನು ಇಡುವ ಹಾಗೆ. ಮುಷ್ಟಿ ಬಿಗಿದೇ ಇತ್ತು. ಹೆಬ್ಬೆಟ್ಟು ಒಳಗೆ ಸೇರಿತ್ತು, ನಾನು ಒಂದೊಂದೇ ಬೆರಳು ಬಿಡಿಸಿ ಹೆಬ್ಬೆಟ್ಟು ಹೊರಗೆ ತೆಗೆದು ಮೆಶಿನ್ ಮೇಲೆ ಒತ್ತಿದೆ, ಕೆಂಪು ಲೈಟು. ಮತ್ತೆ ಒತ್ತಿದೆ, ಕೆಂಪು. ಎಡಗೈ ಹೆಬ್ಬೆಟ್ಟು ಇಟ್ರೆ ಅದೂ ಕೆಂಪು. ಮೂವತ್ತು ವರ್ಷ ಎಲೆ ಉಜ್ಜಿ ನೂಲು ಎಳೆದ ಬೆರಳು, ಗೆರೆ ಎಲ್ಲಿ ಉಳಿದಿರ್ತದೆ. ಸೆರಗಲ್ಲಿ ಒರೆಸಿ, ಒದ್ದೆ ಬಟ್ಟೆಯಲ್ಲಿ ಒರೆಸಿ, ಕಡೆಗೆ ಎಡಗೈಯ ಉಂಗುರ ಬೆರಳಿಗೆ ಹಸಿರು ಬಂತು. "ಇದೊಂದು ಬೆರಳು ಬೀಡಿಗೆ ಜಾಸ್ತಿ ಮುಟ್ಟುದಿಲ್ಲ, ಅದಕ್ಕೇ ಉಳಿದಿದೆ" ಅಂತ ಅಕ್ಕ ಹೇಳಿದ್ರು. ಬೀಡಿ ಕಟ್ಟುವವರ ಮನೆಯವರು ಯಾರಾದ್ರೂ ಇದನ್ನು ಓದ್ತಿದ್ರೆ, ಹತ್ತು ಬೆರಳಲ್ಲಿ ಯಾವುದು ಹಿಡಿತದೆ ಅಂತ ಒಮ್ಮೆ ನೋಡಿ ಬರೆದಿಟ್ಟುಕೊಳ್ಳಿ, ಕಚೇರಿಯಲ್ಲಿ ಕ್ಯೂ ನಿಂತು ಅಲ್ಲಿ ಹುಡುಕುದು ಬೇಡ.

ಅದೇ ದಿನ ಒಂದು ನೂರು ಪುಟದ ನೋಟ್‌ಬುಕ್ ಕೊಟ್ಟೆ. ಅದರಲ್ಲಿ ಮೂರೇ ವಿಷಯ: ಯಾವ ದಿನ ಎಲ್ಲಿಗೆ ಹೋದದ್ದು, ಅಲ್ಲಿ ಯಾರು ಎಂತ ಹೇಳಿದ್ದು, ಎಷ್ಟು ಖರ್ಚು. ಬರಿಯುದು ಮಗಳು. ಹಿಂದಿನ ಪುಟದಿಂದ ಅಕ್ಕ ಎಡಗೈಯಲ್ಲಿ ಸಹಿ ಕಲಿಯುದು. ಯಾಕಂದ್ರೆ ಮುಂದೆ ಎಲ್ಲ ಕಡೆ ಸಹಿ ಬೇಕು, ಹೆಬ್ಬೆಟ್ಟು ಹಾಕ್ಲಿಕ್ಕೆ ಅಕ್ಕನಿಗೆ ಮನಸ್ಸಿಲ್ಲ, ಏಳನೇ ಕ್ಲಾಸು ಪಾಸಾದವರು. ಬ್ಯಾಂಕಲ್ಲಿ ಇರುವ ಹಳೇ ಸಹಿ ಬಲಗೈದು, ಅದು ಇನ್ನು ಬರುದಿಲ್ಲ, ಹಾಗಾಗಿ ಡಿಸ್ಚಾರ್ಜ್ ಸಮ್ಮರಿ ಇಟ್ಟು ಹೊಸ ಸಹಿ ಕೊಡಬೇಕು ಅಂತ ಬ್ಯಾಂಕಲ್ಲಿ ಹೇಳಿದ್ರು, ಡಿಸೆಂಬರಲ್ಲಿ ಅದು ಮುಗಿತು. ಮೊದಲ ಪುಟಗಳ ಅಕ್ಷರ ನೋಡಿದ್ರೆ ಕೋಳಿ ಕೆದಕಿದ ಹಾಗೆ ಉಂಟು.

ಮತ್ತೊಂದು ಹೇಳ್ಬೇಕು. ಅಕ್ಕ ಪ್ರತಿ ಮಂಗಳವಾರ ಮಗಳನ್ನು ಕಳಿಸ್ತಿದ್ರು, "ಸ್ಟೇಟಸ್ ನೋಡ್ಲಿಕ್ಕೆ". ಪೋರ್ಟಲಲ್ಲಿ ಪೆಂಡಿಂಗ್ ಅಂತ ಬರ್ತಿತ್ತು, ಅವಳು ಹೋಗಿ ಹೇಳಿದ ದಿನ ಮನೆಯಲ್ಲಿ ಊಟ ಇಲ್ಲ. ನಾನು ಹೇಳಿದೆ, ಇನ್ನು ತಿಂಗಳಿಗೆ ಒಂದೇ ಸಲ ನೋಡುದು, 5ನೇ ತಾರೀಕು, ಬದಲಾದ್ರೆ ನಾನೇ ಫೋನ್ ಮಾಡ್ತೇನೆ. ಅಕ್ಕನಿಗೆ ಸಿಟ್ಟು ಬಂತು, ಎರಡು ವಾರ ಮಾತಿಲ್ಲ. ಆದ್ರೆ ಅದು ಕೆಲಸ ಮಾಡಿತು, ಮಧ್ಯದ ಇಪ್ಪತ್ತೊಂಬತ್ತು ದಿನ ಅವರು ಬೇರೆ ವಿಷಯಕ್ಕೆ ಬಂದ್ರು. ಪಕ್ಕದ ಮನೆಯ ಬೀಡಿ ಕಟ್ಟುವವರಿಗೆ ಎಲೆ ನೆನೆಸಿ, ಒಳ್ಳೇದು ಒಂದು ಕಡೆ ಹರಿದದ್ದು ಒಂದು ಕಡೆ ಮಾಡಿ ಕೊಡ್ಲಿಕ್ಕೆ ಶುರು ಮಾಡಿದ್ರು, ಒಂದು ಕೈಯಲ್ಲಿ ಆಗ್ತದೆ, ಅವರು ವಾರಕ್ಕೆ ಚೂರು ಪಾರು ದುಡ್ಡು ಕೊಡ್ತಿದ್ರು. ದುಡ್ಡಿಗಿಂತ ಅಲ್ಲಿ ಕೂತು ನಾಲ್ಕು ಮಾತು ಆಡುದು ಹೆಚ್ಚು.

ಜನವರಿ ಬಂತು. 2024ರ ಜನವರಿ 18ಕ್ಕೆ ಪುತ್ತಿಗೆ ಮಠದ ಪರ್ಯಾಯ, ಆ ವಾರ ಉಡುಪಿ ಪೇಟೆ ಒಳಗೆ ಆಟೋ ಹೋಗುದೇ ಕಷ್ಟ, ಹಾಗಾಗಿ ಮುಂದಿನ ವಾರಕ್ಕೆ ಹೋದ್ರು. ಆ ದಿನ ನೋಡಬೇಕಾದ ಡಾಕ್ಟ್ರು ರಜೆ. ಅದರ ಮುಂದಿನ ವಾರ ಹೋದ್ರೆ ಸಿಟಿ ಸ್ಕ್ಯಾನಿನ ಫಿಲ್ಮು ಬೇಕು ಅಂದ್ರು, ರಿಪೋರ್ಟು ಮಾತ್ರ ಇತ್ತು. ಫಿಲ್ಮು ಮನೆಯ ಮಾಡಿನ ಎಡೆಯಲ್ಲಿ, ಮಳೆಗೆ ಒದ್ದೆ ಆಗಿ ಒಂದಕ್ಕೊಂದು ಅಂಟಿತ್ತು. ಪುನಃ ಕಾಪಿ ತರಿಸಿ ಫೆಬ್ರವರಿ ಕೊನೆಗೆ ಬೋರ್ಡು ಆಯ್ತು. ಕೈ ಎತ್ತಿ, ಬೆರಳು ಬಿಡಿಸಿ, ನಡೀರಿ, ಕೂರಿ, ಅಂಗಿಯ ಗುಂಡಿ ಹಾಕಿ ತೋರಿಸಿ. ಅಕ್ಕ ಮನೆಯಲ್ಲಿ ಒಂದು ಕೈಯಲ್ಲಿ ಗುಂಡಿ ಹಾಕ್ಲಿಕ್ಕೆ ಕಲಿತಿದ್ರು, ಅಲ್ಲಿ ಹಾಕಿ ತೋರಿಸಿದ್ರು, ಹೊರಗೆ ಬಂದು ಮಗಳು "ಎಂತಕ್ಕಮ್ಮ ಹಾಕಿದ್ದು" ಅಂತ ಕೇಳಿದಳಂತೆ. ನಾಟಕ ಮಾಡಿ ಅಂತ ನಾನು ಯಾರಿಗೂ ಹೇಳುದಿಲ್ಲ. ಆದ್ರೆ ಒಳ್ಳೆ ದಿನದಲ್ಲಿ ಎಂತ ಆಗ್ತದೆ ಅಂತ ಹೇಳಿದ ಹಾಗೇ, ಬಾಕಿ ದಿನ ಎಷ್ಟು ಹೊತ್ತು ಹಿಡಿತದೆ, ಯಾರ ಸಹಾಯ ಬೇಕಾಗ್ತದೆ ಅಂತಲೂ ಬಾಯಿಬಿಟ್ಟು ಹೇಳ್ಬೇಕು, ಡಾಕ್ಟ್ರಿಗೆ ಸಿಗುದು ಐದು ನಿಮಿಷ. ಅಕ್ಕ ಆ ಗುಂಡಿ ಹಾಕ್ಲಿಕ್ಕೆ ಹತ್ತು ನಿಮಿಷ ತೆಗೊಳ್ತಾರೆ ಅಂತ ಹೇಳ್ಲಿಕ್ಕೆ ಜೊತೆಗೆ ಹೋದ ಮಗಳಿಗೂ ಧೈರ್ಯ ಬರಲಿಲ್ಲ.

ಬೋರ್ಡು ಆದ ಮೇಲೂ ಪೋರ್ಟಲಲ್ಲಿ ಪೆಂಡಿಂಗ್. ಆಗಿನ ನಿಯಮದಲ್ಲಿ ಅರ್ಜಿ ಸಿಕ್ಕಿ ಒಂದು ತಿಂಗಳಲ್ಲಿ ಮುಗಿಸ್ಬೇಕು ಅಂತ ಇತ್ತು, 2024ರ ಅಕ್ಟೋಬರಲ್ಲಿ ನಿಯಮ ತಿದ್ದಿ ಅದನ್ನು ಮೂರು ತಿಂಗಳು ಮಾಡಿದ್ರು, ಬೇಗ ಮಾಡ್ಲಿಕ್ಕೆ ಆಗುದಿಲ್ಲ ಅಂದ್ರೆ ಗಡುವನ್ನೇ ಉದ್ದ ಮಾಡಿದ್ರೆ ಆಯ್ತಲ್ಲ. ಮಾರ್ಚ್ 16ಕ್ಕೆ ಲೋಕಸಭೆ ಚುನಾವಣೆ ಘೋಷಣೆ, ನಮ್ಮಲ್ಲಿ ಏಪ್ರಿಲ್ 26ಕ್ಕೆ ಮತದಾನ, ಯಾರನ್ನು ಕೇಳಿದ್ರೂ ಎಲೆಕ್ಷನ್ ಡ್ಯೂಟಿ. ಏಪ್ರಿಲ್ ಕೊನೆಗೆ ಸರ್ಟಿಫಿಕೇಟು ಡೌನ್‌ಲೋಡ್ ಆಯ್ತು. ಶೇಕಡಾ 70. ತಾತ್ಕಾಲಿಕ, ಮೂರು ವರ್ಷಕ್ಕೆ. ಹಳದಿ ಕಾರ್ಡು ಪೋಸ್ಟಲ್ಲಿ ಬಂದದ್ದು ಮತ್ತೆ ಯಾವಾಗಲೋ. 40ಕ್ಕಿಂತ ಕೆಳಗೆ ಇದ್ರೆ ಬಿಳಿ, 80ರವರೆಗೆ ಹಳದಿ, ಮೇಲಾದ್ರೆ ನೀಲಿ. ಈ ಮೂರು ವರ್ಷದ ತಾರೀಕು ನೋಟ್‌ಬುಕ್ಕಿನ ರಟ್ಟಿನ ಒಳಗೆ ದೊಡ್ಡದಾಗಿ ಬರೆಸಿದ್ದೇನೆ, ಅದು ಮುಗಿದ್ರೆ ಪಿಂಚಣಿ ನಿಲ್ತದೆ, ನಿಂತ ಮೇಲೆ ಎದ್ದು ಓಡಿದ್ರೆ ಪುನಃ ಇದೇ ಕಥೆ.

ಈ 70ರ ಬಗ್ಗೆ ಮನೆಯಲ್ಲಿ ದೊಡ್ಡ ಚರ್ಚೆ ಆಯ್ತು. ನಮ್ಮ ರಾಜ್ಯದಲ್ಲಿ 40ರಿಂದ 75ರ ಒಳಗೆ ಇದ್ರೆ ತಿಂಗಳಿಗೆ 800, 75 ದಾಟಿದ್ರೆ 1400. ಐದು ಪರ್ಸೆಂಟಿಗೆ 600 ರೂಪಾಯಿ. ಬ್ರೋಕರ್ ಒಬ್ಬ ಭಾವನ ಹತ್ರ 5000 ಕೊಟ್ರೆ 80 ಮಾಡಿಸಿ ಕೊಡ್ತೇನೆ ಅಂದನಂತೆ. ಭಾವ ಬೋಟಲ್ಲಿ ಕೆಲಸ ಮಾಡಿದವರು, ಅವನಿಗೆ ಕೊಟ್ಟ ಉತ್ತರ ಇಲ್ಲಿ ಬರಿಲಿಕ್ಕಾಗುದಿಲ್ಲ. 2016ರ ಕಾಯ್ದೆಯ 59ನೇ ಸೆಕ್ಷನಲ್ಲಿ ಸರ್ಟಿಫಿಕೇಟಿನ ಮೇಲೆ ಅಪೀಲು ಹಾಕ್ಲಿಕ್ಕೆ ಅವಕಾಶ ಉಂಟು. ನಾನು ಬೇಡ ಅಂದೆ. ಅಪೀಲು ಮುಗಿವವರೆಗೆ ಕೈಯಲ್ಲಿರುವ 70ರಲ್ಲಿ ಪಿಂಚಣಿ ಅರ್ಜಿ ಹಾಕ್ಲಿಕ್ಕೆ ಮನೆಯವರು ಹಿಂದೆಮುಂದೆ ನೋಡ್ತಾರೆ, ಅಷ್ಟರಲ್ಲಿ ತಿಂಗಳಿಗೆ 800 ಹೋಗ್ತಾ ಇರ್ತದೆ, ಮತ್ತೆ ಹೇಗೂ ಮೂರು ವರ್ಷಕ್ಕೆ ಮರು ಪರೀಕ್ಷೆ ಇದ್ದೇ ಉಂಟು. ಇದು ನನ್ನ ಅಭಿಪ್ರಾಯ ಅಷ್ಟೇ, 38ಓ 39ಓ ಬಂದವರಾದ್ರೆ ನಾನೇ ಅಪೀಲು ಬರೆದು ಕೊಡ್ತಿದ್ದೆ, ಯಾಕಂದ್ರೆ 40ರ ಕೆಳಗೆ ಎಂತದೂ ಇಲ್ಲ.

ಮೇ ತಿಂಗಳಲ್ಲಿ ನಾಡಕಚೇರಿಗೆ ಪಿಂಚಣಿ ಅರ್ಜಿ. ಸಕಾಲದ, ಅಂದ್ರೆ ಸರಕಾರಿ ಕೆಲಸ ಇಷ್ಟು ದಿನದ ಒಳಗೆ ಆಗಬೇಕು ಅನ್ನುವ ಕಾಯ್ದೆಯ, ರಶೀದಿ ಕೊಟ್ರು, ಅದರಲ್ಲೇ ನಂಬರು ಮತ್ತು ಎಂದಿನ ಒಳಗೆ ಆಗಬೇಕು ಅನ್ನುವ ತಾರೀಕು ಇರ್ತದೆ, ಜನ ಅದನ್ನು ಮಡಚಿ ಪರ್ಸಿಗೆ ಹಾಕಿ ಮರೆತುಬಿಡ್ತಾರೆ. ಅರ್ಜಿ ಮೊದಲು ವಿಎ ಹತ್ರ, ಈಗ ಗ್ರಾಮ ಆಡಳಿತ ಅಧಿಕಾರಿ ಅಂತಾರೆ, ಅಲ್ಲಿಂದ ಆರ್‌ಐ (ಕಂದಾಯ ನಿರೀಕ್ಷಕರು), ಅಲ್ಲಿಂದ ಉಪ ತಹಶೀಲ್ದಾರರ ಆದೇಶ. ಉಗ್ರಾಣಿ, ಅಂದ್ರೆ ವಿಎಯ ಸಹಾಯಕ, ಮನೆಗೆ ಬಂದು ನೋಡಿಕೊಂಡು ಹೋದ್ರು, ಅಕ್ಕ ಅವರಿಗೆ ಚಾ ಮಾಡಿಸಿ ಕೊಟ್ರು, ಎಲ್ಲ ಆಯ್ತು ಅಂತ ಕೂತ್ರೆ ಜೂನ್ ಕೊನೆಗೆ ತಿರಸ್ಕೃತ. ಕಾರಣ ಆದಾಯ. ಈ ಪಿಂಚಣಿಗೆ ವರ್ಷದ ಆದಾಯ 32,000 ದಾಟಬಾರದು, ಮನೆಯಲ್ಲಿದ್ದದ್ದು ಮಗಳ ಸ್ಕಾಲರ್‌ಶಿಪ್ಪಿಗೆ ಎರಡು ವರ್ಷ ಹಿಂದೆ ಮಾಡಿಸಿದ ಆದಾಯ ಸರ್ಟಿಫಿಕೇಟು, ಐದು ವರ್ಷ ವ್ಯಾಲಿಡಿಟಿ ಇರುವಂಥದ್ದು, ಅದರಲ್ಲಿ 48,000. ಆಗ ಅದು ಸರಿಯೇ, ಬೋಟೂ ಬೀಡಿಯೂ ಎರಡೂ ಇತ್ತು. ಈಗ ಬೀಡಿ ಇಲ್ಲ, ಅಕ್ಕನನ್ನು ರಾತ್ರಿ ಎತ್ತಿ ಬಚ್ಚಲಿಗೆ ಕರ್ಕೊಂಡು ಹೋಗ್ಲಿಕ್ಕೆ ಜನ ಬೇಕು ಅಂತ ಭಾವ ಆಳಸಮುದ್ರದ ಬೋಟು ಬಿಟ್ಟು ಮಲ್ಪೆಯಲ್ಲಿ ದಿನಗೂಲಿಗೆ ಬಲೆ ರಿಪೇರಿಗೆ ಕೂತಿದ್ದಾರೆ. ಕಾಗದಕ್ಕೆ ಇದು ಗೊತ್ತಿಲ್ಲ. ಅಂಗವಿಕಲತೆ ಬಂದ ಕಾರಣ ಆದಾಯ ಬಿದ್ದದ್ದು, ಆದ್ರೆ ಬೀಳುವ ಮೊದಲಿನ ಆದಾಯ ಹಿಡಿದು ಪಿಂಚಣಿ ಇಲ್ಲ ಅಂದದ್ದು.

ತಿರಸ್ಕಾರ ಆದ್ರೂ ಸಕಾಲದಲ್ಲಿ ಅಪೀಲು ಹಾಕ್ಬಹುದು. ಆದ್ರೆ ಇಲ್ಲಿ ಅಧಿಕಾರಿ ನೋಡಿದ ಕಾಗದದ ಪ್ರಕಾರ ಅವರದ್ದು ತಪ್ಪಿಲ್ಲ, ಹೊಸ ಆದಾಯ ಸರ್ಟಿಫಿಕೇಟು ಮಾಡಿಸಿ ಹೊಸ ಅರ್ಜಿ ಹಾಕುದೇ ಬೇಗ ಅಂತ ವಿಆರ್‌ಡಬ್ಲ್ಯೂ ಅಣ್ಣ ಹೇಳಿದ್ರು. ಈ ಸಲ ಅವರ ಮಾತು ಕೇಳಿದೆ. ಜುಲೈಯಲ್ಲಿ ಹೊಸ ಸರ್ಟಿಫಿಕೇಟು, ಆಗಸ್ಟಲ್ಲಿ ಎರಡನೇ ಅರ್ಜಿ. ಅದರ ಜೊತೆ ಒಂದು ಪುಟದ ಕಾಗದ ನಾನೇ ಟೈಪ್ ಮಾಡಿ ಇಟ್ಟೆ: ಇಂಥ ದಿನ ಸ್ಟ್ರೋಕ್, ಇಂಥ ದಿನದಿಂದ ಬೀಡಿ ಇಲ್ಲ, ಕಟ್ಟಿದ ಬೀಡಿ ಕೊಡುವ ಬ್ರಾಂಚಿನ ಪಾಸ್‌ಬುಕ್ಕಿನ ಕೊನೆಯ ಎಂಟ್ರಿಯ ಝೆರಾಕ್ಸ್, ಮೊದಲ ಅರ್ಜಿ ತಿರಸ್ಕಾರ ಆದ ಕಾರಣ, ಅದು ಈಗ ಯಾಕೆ ಇಲ್ಲ. ಕೆಳಗೆ ಅಕ್ಕನ ಎಡಗೈ ಸಹಿ.

ರಶೀದಿಯ ತಾರೀಕು ಅಕ್ಟೋಬರಲ್ಲಿ ದಾಟಿತು. ಹೋಗಿ ಕೇಳಿದ್ರೆ ಫೈಲು ಮೇಲೆ ಹೋಗಿದೆ, ಮೇಲೆ ಕೇಳಿದ್ರೆ ಕೆಳಗಿಂದ ಬಂದಿಲ್ಲ. ನಮ್ಮ ಜನ ಇಂಥ ಹೊತ್ತಿಗೆ ಒಂದೋ ಗಲಾಟೆ ಮಾಡ್ತಾರೆ, ಇಲ್ಲ ಯಾರಾದ್ರೂ ದೊಡ್ಡವರ ಹತ್ರ ಫೋನ್ ಮಾಡಿಸ್ತಾರೆ. ಎರಡೂ ಬೇಡ ಅಂತ ಸಕಾಲದಲ್ಲಿ ಮೊದಲ ಅಪೀಲು ಹಾಕಿದೆವು. ತಡ ಆದ ದಿನಕ್ಕೆ 20 ರೂಪಾಯಿ, ಹೆಚ್ಚೆಂದ್ರೆ 500, ಅಧಿಕಾರಿ ಕಡೆಯಿಂದ ಪರಿಹಾರ ಅಂತ ಆ ಕಾಯ್ದೆಯಲ್ಲಿ ಉಂಟು. ಆ 500 ಯಾರಿಗೆ ಬೇಕು, ಆದ್ರೆ ಅಪೀಲು ಬಿದ್ರೆ ಆ ಫೈಲು ಯಾರ ಮೇಜಿನ ಮೇಲೆ ಉಂಟು ಅಂತ ಒಬ್ಬರು ಬರೆದು ಹೇಳ್ಬೇಕಾಗ್ತದೆ. ಅಷ್ಟೇ ಬೇಕಾದ್ದು. ನನಗೆ ಈ ಇಡೀ ಕೇಸಲ್ಲಿ ಕಂಡದ್ದೂ ಅದೇ. ಅಕ್ಕ ಒಂದು ತೀರ್ಮಾನಕ್ಕೆ ಕಾದದ್ದಲ್ಲ, ಆರು ತಿಂಗಳ ನಿಯಮಕ್ಕೆ, ರಜೆಯ ಡಾಕ್ಟ್ರಿಗೆ, ಎಲೆಕ್ಷನಿಗೆ, ನನ್ನ ಅವಸರಕ್ಕೆ, ಹಳೇ ಒಂದು ಆದಾಯದ ಕಾಗದಕ್ಕೆ ಕಾದದ್ದು. ಒಂದೊಂದಕ್ಕೆ ಮದ್ದು ಬೇರೆ. ಕೆಲವಕ್ಕೆ ಸುಮ್ಮನೆ ಕೂರುದೇ ಮದ್ದು, ಆರು ತಿಂಗಳಿಗೆ ಮೊದಲು ನೂರು ಸಲ ಹೋದ್ರೂ ಆಗುದಿಲ್ಲ. ಕೆಲವಕ್ಕೆ ಕೂತ್ರೆ ಕೂತಲ್ಲೇ. ಈಗ ನಾವು ಯಾವುದರಲ್ಲಿ ಇದ್ದೇವೆ ಅಂತ ಗೊತ್ತಾಗದೆ ಇರುದೇ ಮನುಷ್ಯನನ್ನು ತಿನ್ನುದು.

ನವೆಂಬರಲ್ಲಿ ಮಂಜೂರಾತಿ ಆದೇಶ ಬಂತು. ಜನವರಿಯಲ್ಲಿ, 2025, ಮೊದಲ 800. ಅದು ಬಂದದ್ದೂ ನಮಗೆ ಎರಡು ವಾರ ಗೊತ್ತಾಗಲಿಲ್ಲ, ಬ್ಯಾಂಕಿನ ಮೆಸೇಜು ಭಾವನ ಹಳೇ ನಂಬರಿಗೆ ಹೋಗ್ತಿತ್ತು, ಆ ಫೋನು ಯಾವತ್ತೋ ಬೋಟಿಂದ ಕಡಲಿಗೆ ಬಿದ್ದು ಹೋಗಿದೆ. ಡಿಬಿಟಿ ಕರ್ನಾಟಕ ಆ್ಯಪಲ್ಲಿ 5ನೇ ತಾರೀಕು ನೋಡುವಾಗ ಕಂಡದ್ದು. ಕಾದ ತಿಂಗಳುಗಳ ಬಾಕಿ ಅಂತ ಎಂತದೂ ಬರಲಿಲ್ಲ. ಮಗಳು ನೋಟ್‌ಬುಕ್ ಕೂಡಿಸಿದಳು: 21 ಸಲ ಓಡಾಟ, ಆಟೋ, ಬಸ್ಸು, ಝೆರಾಕ್ಸ್ (ನನ್ನದು ಬಿಟ್ಟು), ಸಿಟಿ ಫಿಲ್ಮಿನ ಕಾಪಿ ಎಲ್ಲ ಸೇರಿ 6,240. ಹೆಚ್ಚುಕಮ್ಮಿ ಎಂಟು ತಿಂಗಳ ಪಿಂಚಣಿ ಅದನ್ನು ತರ್ಲಿಕ್ಕೇ ಹೋಯ್ತು. ಭಾವ ಇದನ್ನು ಕೇಳಿ ನಕ್ಕದ್ದಾ ಬೈದದ್ದಾ ಗೊತ್ತಾಗಲಿಲ್ಲ. ಅಕ್ಕ ಮಾತ್ರ 800ರಲ್ಲಿ 300 ಮಗಳ ಬಸ್ಸಿಗೆ, ಬಾಕಿ ತನ್ನ ಮಾತ್ರೆಗೆ ಅಂತ ಅಲ್ಲೇ ಭಾಗ ಮಾಡಿದ್ರು, "ಇನ್ನು ಮಾತ್ರೆಗೆ ನಾನು ಯಾರ ಹತ್ರ ಕೈ ಒಡ್ಡುದಿಲ್ಲ". ಪಂಚಾಯ್ತಿಯ ಅಂಗವಿಕಲರಿಗೆ ಅಂತ ಇಡುವ ಶೇಕಡಾ 5ರ ನಿಧಿಯಿಂದ ಒಂದು ಕಮೋಡ್ ಕುರ್ಚಿಯೂ ಸಿಕ್ಕಿತು, ಅದು ಸರ್ಟಿಫಿಕೇಟು ಇದ್ದ ಕಾರಣ. ನನ್ನ ಲೆಕ್ಕದಲ್ಲಿ ಪಿಂಚಣಿಗಿಂತ ದೊಡ್ಡ ಉಪಕಾರ ಆ ಕುರ್ಚಿ, ಭಾವ ರಾತ್ರಿ ಪೂರ್ತಿ ನಿದ್ದೆ ಮಾಡ್ಲಿಕ್ಕೆ ಶುರು ಮಾಡಿದ್ರು.

ಒಂದು ಬಾಕಿ ಉಂಟು. ಬೀಡಿಯವರಿಗೆ ಪಿಎಫ್ ಇರ್ತದೆ ಅಂತ ಎಲ್ಲರಿಗೂ ಗೊತ್ತು, ಹುಡುಗಿ ಮದುವೆಗೆ ತೆಗೆಯುವ ದುಡ್ಡು ಅಂತ ಮಾತ್ರ ಗೊತ್ತು. ಅದರ ಜೊತೆಗಿರುವ 1995ರ ಪಿಂಚಣಿ ಸ್ಕೀಮಲ್ಲಿ, ಕೆಲಸದಲ್ಲಿ ಇರುವಾಗಲೇ ಶಾಶ್ವತವಾಗಿ, ಪೂರ್ತಿಯಾಗಿ ಆ ಕೆಲಸ ಮಾಡ್ಲಿಕ್ಕೆ ಆಗದ ಹಾಗೆ ಆದವರಿಗೆ ಬೇರೆ ಪಿಂಚಣಿ ಉಂಟು, ಅದಕ್ಕೆ ಹತ್ತು ವರ್ಷ ಆಗಿರ್ಬೇಕು ಅಂತ ಇಲ್ಲ, ಒಂದು ತಿಂಗಳ ವಂತಿಗೆ ಕಟ್ಟಿದ್ರೂ ಸಾಕು, ಕನಿಷ್ಠ ತಿಂಗಳಿಗೆ 1000. ಇದು ನನಗೆ ತಿಳಿದದ್ದೇ ಕಳೆದ ವರ್ಷ, ಬ್ರಾಂಚಲ್ಲಿ ಕೂತ ಹಳೇ ಯೂನಿಯನಿನ ಅಜ್ಜ ಹೇಳಿದ್ದು. ಅಕ್ಕನ ಪಿಎಫಲ್ಲಿ ಹೆಸರು ಮದುವೆಗೆ ಮೊದಲಿಂದು, ಆಧಾರಲ್ಲಿ ಬೇರೆ, ಹುಟ್ಟಿದ ವರ್ಷದಲ್ಲಿ ಎರಡು ವರ್ಷ ವ್ಯತ್ಯಾಸ. ಬ್ಯಾಂಕಿನ ಐಎಫ್‌ಎಸ್‌ಸಿ ಹಳೇದು. ಕಾರ್ಪೊರೇಶನ್ ಬ್ಯಾಂಕು, ಸಿಂಡಿಕೇಟ್ ಬ್ಯಾಂಕು ಎರಡೂ ಉಡುಪಿಯಲ್ಲೇ ಹುಟ್ಟಿದ್ದು, ಎರಡೂ 2020ರ ಏಪ್ರಿಲ್ 1ಕ್ಕೆ ಬೇರೆ ಬ್ಯಾಂಕಿಗೆ ಸೇರಿದ್ವು, ನಮ್ಮ ಊರಿನ ಅರ್ಧ ಜನರ ಪಾಸ್‌ಬುಕ್ ಇನ್ನೂ ಆ ಹೆಸರಲ್ಲೇ ಉಂಟು. ಎಲ್ಲ ತಿದ್ದಿಸಿ, ಹೆಸರು, ಹುಟ್ಟಿದ ವರ್ಷ ತಿದ್ದುವ ಜಾಯಿಂಟ್ ಡಿಕ್ಲರೇಶನಿಗೆ ಕಂಪೆನಿ ಸಹಿ ಹಾಕಿಸಿ, ಆ ಪಿಂಚಣಿ ಕೇಳುವ 10ಡಿ ಫಾರ್ಮು ಹೋಗಿ ಮೂರು ತಿಂಗಳಾಯ್ತು.

ಮೊನ್ನೆ 5ನೇ ತಾರೀಕು ಅಕ್ಕನೇ ಬಂದ್ರು, ಕೋಲು ಹಿಡಿದು, ಒಬ್ರೇ. ಪಿಎಫಿನ ಮೆಡಿಕಲ್ ಬೋರ್ಡಿಗೆ ಕರೆದು ಪತ್ರ ಬಂದಿತ್ತು. ನಾನು ಓದಿ ತಾರೀಕು ಹೇಳ್ತಾ ಇದ್ದ ಹಾಗೆ ಅವರು ನೋಟ್‌ಬುಕ್ ತೆರೆದು ಎಡಗೈಯಲ್ಲಿ ತಾವೇ ಬರ್ಕೊಂಡ್ರು, ನಿಧಾನಕ್ಕೆ, ಸ್ವಲ್ಪ ವಾಲಿದ ಅಕ್ಷರ. ಆಮೇಲೆ ಪೆನ್ನು ಮುಚ್ಚಿ, "ಡಾಕ್ಟ್ರು ಆ ದಿನ ಇದ್ದಾರಾ ಅಂತ ಒಮ್ಮೆ ಫೋನ್ ಮಾಡಿ ಕೇಳು ತಮ್ಮ, ಫಿಲ್ಮು ನಾನು ಪ್ಲಾಸ್ಟಿಕಲ್ಲಿ ಸುತ್ತಿ ಇಟ್ಟಿದ್ದೇನೆ" ಅಂದ್ರು.